ಫೋನಿನೊಳಗಿನ ಹೂಂ

ನಮ್ಮ ಮನೆಯಲ್ಲಿ ಪೂಜೆ ಪಡೆಯುತ್ತಿದ್ದ ದೇವರುಗಳು ಹಲವು. ಆಡಳಿತ ನಡೆಸುತ್ತಿದ್ದದ್ದು ಮಾತ್ರ ಅನುಮಾನ ಒಂದೇ. ಅದರ ಪೂಜಾರಿಕೆ ಅಪ್ಪನ ತಾಯಿಯದು. ಆಕೆಯನ್ನು ನಾವು ಆಯಿ ಎನ್ನುತ್ತಿದ್ದೆವು. ಕಾಲುವೆ ನೀರು ದೋರನಹಳ್ಳಿಯ ಹೊಲಗಳಿಗೆ ಮೊದಲ ಸಲ ಬಂದ ದಿನ ಊರೆಲ್ಲ ದಂಡೆಯ ಮೇಲೆ ಕಾಯಿ ಒಡೆಯುತ್ತಿದ್ದರೆ, ಆಯಿ ಬೊಗಸೆಯಲ್ಲಿ ನೀರು ಹಿಡಿದು, ಮೂಸಿ ನೋಡಿ, ‘ಮೋಡ ಇಲ್ಲದ ಬಂದ ನೀರು’ ಎಂದು ಚೆಲ್ಲಿ ಮನೆಗೆ ಬಂದಿದ್ದಳಂತೆ. ಅದು ನಾನು ಹುಟ್ಟುವ ಮೊದಲಿನ ಮಾತು. ನನಗೆ ಬುದ್ಧಿ ಬರುವ ಹೊತ್ತಿಗೆ ಅದೇ ನೀರು ನಮ್ಮ ಜೋಳದ ಹೊಲವನ್ನು ಭತ್ತದ ಗದ್ದೆ ಮಾಡಿ, ಅನ್ನವನ್ನು ದಿನದ ಊಟ ಮಾಡಿಟ್ಟಿತ್ತು. ಆಯಿ ಅನ್ನಕ್ಕೆ ಇನ್ನೂ ಮಾನ್ಯತೆ ಕೊಟ್ಟಿರಲಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮುಗಿಸಿ, ತಟ್ಟೆಯ ಅಂಚಿಗೆ ಅವ್ವ ಹಾಕಿದ ಅನ್ನದ ಗುಪ್ಪೆಯನ್ನು ಮನೆಗೆ ಬಂದ ಅಪರಿಚಿತನನ್ನು ನೋಡುವಂತೆ ನೋಡುತ್ತಿದ್ದಳು. ಉಣ್ಣುತ್ತಿದ್ದಳು, ನಿಜ. ಆದರೆ ನಂಬಿ ಉಣ್ಣುತ್ತಿರಲಿಲ್ಲ.

ಇಂಥ ಮನೆಗೆ ಮೊಬೈಲು ಬಂತು. ಗದ್ದೆಗೆ ನೀರಿನ ಪಾಳಿ ಯಾವಾಗ ಎಂದು ಮೇಲಿನ ಊರಿನವರಿಂದ ತಿಳಿದುಕೊಳ್ಳಲು ಅಪ್ಪ ಅದನ್ನು ಶಹಾಪುರದಿಂದ ತಂದಿದ್ದ. ತಂದ ಮೇಲೆ ಗೊತ್ತಾದದ್ದು, ಅದಕ್ಕೆ ನಮ್ಮ ಮನೆಯಲ್ಲಿ ಎಲ್ಲೂ ರೇಂಜ್ ಸಿಗುವುದಿಲ್ಲ. ಅಪ್ಪ ಅದನ್ನು ಹಿಡಿದುಕೊಂಡು ಮಾಳಿಗೆ ಹತ್ತಿದ, ದನದ ಕೊಟ್ಟಿಗೆ ಹೊಕ್ಕ, ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಒರೆಸಿಕೊಂಡ. ಕೊನೆಗೆ ಪಡಸಾಲೆಯ ಗೋಡೆಯಲ್ಲಿ, ದೇವರ ದೀಪದ ಪಕ್ಕದ ಗೂಡಿನಲ್ಲಿ, ವಿಭೂತಿ ಡಬ್ಬಿಗೆ ಒರಗಿಸಿ ನಿಲ್ಲಿಸಿದಾಗ ಅದಕ್ಕೆ ಜೀವ ಬಂತು. ಅಲ್ಲಿಂದ ಬೆರಳಷ್ಟು ಅಲುಗಿಸಿದರೂ ಮಾತು ಕಡಿಯುತ್ತಿತ್ತು. ಹೀಗಾಗಿ ನಮ್ಮ ಮೊಬೈಲು ಮೊಬೈಲಾಗಲಿಲ್ಲ. ಇಟ್ಟಲ್ಲೇ ಕೂತ ದೇವರಾಯಿತು. ಕೈಗೆತ್ತಿಕೊಳ್ಳುವ ಹಾಗಿಲ್ಲವಾದ್ದರಿಂದ ಸ್ಪೀಕರ್ ಹಾಕಿಯೇ ಮಾತಾಡಬೇಕು. ಸ್ಪೀಕರ್ ಹಾಕಿದ ಮೇಲೆ ಮನೆಮಂದಿಯೆಲ್ಲ ಕೂತು ಕೇಳಬೇಕು. ಮೊದಲ ದಿನ ಶಹಾಪುರದಿಂದ ಅವ್ವನ ಅಣ್ಣ, ನನ್ನ ಸೋದರಮಾವ, ಫೋನ್ ಮಾಡಿದ.

"ಎತ್ತಬ್ಯಾಡಬೇ, ಎತ್ತಿದ್ರ ಕಟ್ ಆಗ್ತದ. ಅಲ್ಲೇ ಇಟ್ಟು ಮಾತಾಡು," ಎಂದ ಅಪ್ಪ.

"ಗ್ವಾಡಿ ಜೋಡಿ ಮಾತಾಡಿದ್ಹಂಗ ಆಗ್ತದಲ್ಲೋ," ಎಂದಳು ಆಯಿ.

"ಗ್ವಾಡಿ ಅಲ್ಲ, ಬೀಗರು ಮಾತಾಡಾಕತ್ಯಾರ."

"ಆಂವ ಗ್ವಾಡಿಗಿಂತ ಏನು ಕಮ್ಮಿ?"

ಗೂಡಿನೊಳಗಿಂದ ಮಾವನ ದನಿ, "ಕೇಳಸ್ತು ಬಿಡ್ರಿ ಅತ್ತಿ," ಎಂದಿತು. ಮುಂದಿನ ಯುಗಾದಿಯವರೆಗೆ ಆತ ನಮ್ಮ ಮನೆಯ ಕಡೆ ಹಾಯಲಿಲ್ಲ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಆಯಿಗೆ ಮಾತ್ರ ತನ್ನ ಅನುಮಾನಕ್ಕೆ ಸಾಕ್ಷಿ ಸಿಕ್ಕ ಸಮಾಧಾನ.

ಇಷ್ಟಕ್ಕೂ ಮನುಷ್ಯರ ಮಾತನ್ನು ಅಳೆಯಲು ಆಯಿಯ ಹತ್ತಿರ ತನ್ನದೇ ಆದ ಒಂದು ಉಪಕರಣವಿತ್ತು. ಅದು ‘ಹೂಂ’. ರಾತ್ರಿ ಊಟವಾಗಿ, ಮುಸುರೆ ತೊಳೆದು, ಪಡಸಾಲೆಯ ಫರಸಿ ಕಲ್ಲಿನ ಮೇಲೆ ಕೌದಿ ಹಾಸಿದ ಮೇಲೆ ಆಯಿ ಕತೆ ಹೇಳುವಳು. ಹಗಲು ಹೇಳುವಂತಿಲ್ಲ, ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ. ಕತೆಗೆ ಒಬ್ಬರು ಹೂಂಗುಡಬೇಕು. ಮನೆಯಲ್ಲಿ ಅದೊಂದು ಹುದ್ದೆ. ಆ ಹುದ್ದೆಯಲ್ಲಿದ್ದವರು ಆಯಿಯ ಮೊಣಕಾಲಿನ ಪಕ್ಕ ಕೂತು, ಮಾತು ಮುಗಿದಲ್ಲೆಲ್ಲ ‘ಹೂಂ’ ಅನ್ನಬೇಕು. ಹೂಂ ನಿಂತರೆ ಕತೆ ನಿಂತಿತು. ರಾಜಕುಮಾರ ಹಾವಿನ ಬಾಯಲ್ಲೇ ಇರಲಿ, ಆಯಿ ಮಗ್ಗುಲಾಗಿ ಮಲಗಿಬಿಡುವಳು. ಆಕೆಗೆ ಹೂಂ ಅಂದರೆ ಬರೀ ಕೇಳುತ್ತಿದ್ದೇನೆ ಎಂಬ ರಸೀದಿ ಅಲ್ಲ. ಅದರಿಂದಲೇ ಯಾರಿಗೆ ನಿದ್ದೆ ಬಂದಿದೆ, ಯಾರು ಅರೆಹೊಟ್ಟೆ ಉಂಡಿದ್ದಾರೆ, ಯಾರಿಗೆ ಶಾಲೆಯಲ್ಲಿ ಏಟು ಬಿದ್ದಿದೆ ಎಂದು ಹೇಳುತ್ತಿದ್ದಳು. ವೈದ್ಯರು ನಾಡಿ ಹಿಡಿದ ಹಾಗೆ. ತಪ್ಪಿದ್ದು ನನಗೆ ನೆನಪಿಲ್ಲ.

ಆ ಹುದ್ದೆಯಲ್ಲಿ ಬಹಳ ಕಾಲ ಇದ್ದವಳು ನನ್ನ ಅಕ್ಕ ಗಿರಿಜಾ. ಆಕೆಯ ಹೂಂ ಮಾತು ಮುಗಿಯುವುದಕ್ಕಿಂತ ಒಂದು ಕೂದಲೆಳೆ ಮೊದಲೇ ಬರುತ್ತಿತ್ತು, ಬಾಗಿಲು ಬಡಿಯುವ ಮೊದಲೇ ತೆಗೆದು ನಿಂತವರ ಹಾಗೆ. ಓದಿನಲ್ಲೂ ಹಾಗೆಯೇ. ರೊಟ್ಟಿ ಬಡಿಯುತ್ತಲೇ ನನಗೆ ಮಗ್ಗಿ ಒಪ್ಪಿಸಲು ಹೇಳುವಳು. ತಪ್ಪಿದರೆ ಜೋಳದ ಹಿಟ್ಟಿನ ಕೈಯಿಂದಲೇ ಕಿವಿ ಹಿಂಡುವಳು. ಶಾಲೆಗೆ ಹೋದರೆ ಮಾಸ್ತರರು ನನ್ನ ಕಿವಿ ನೋಡಿಯೇ ಮನೆಯಲ್ಲಿ ಪಾಠ ಆಗಿದೆ ಎಂದು ತಿಳಿದುಕೊಳ್ಳುತ್ತಿದ್ದರು. ಇಷ್ಟು ಚುರುಕಿನ ಅಕ್ಕ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದಳು. ಮತ್ತೊಮ್ಮೆ ಕಟ್ಟುವಷ್ಟರಲ್ಲಿ ಸುರಪುರದ ಹತ್ತಿರದ ದೇವಾಪುರದಿಂದ ಗಂಡು ಬಂತು. ಹುಡುಗ ಒಳ್ಳೆಯವನು, ಗೊಬ್ಬರದ ಅಂಗಡಿಯಲ್ಲಿ ಕೆಲಸ. ಮಾತುಕತೆಯ ದಿನ ಅಕ್ಕ ಅಡುಗೆಮನೆಯಲ್ಲಿ ಆಯಿಯ ಕಾಲು ಹಿಡಿದುಕೊಂಡು ಒಂದೇ ಮಾತು ಹೇಳಿದಳು: ಪಾಸಾದರೆ ತಾನು ಟೀಚರ್ ಟ್ರೇನಿಂಗಿಗೆ ಹೋಗಬೇಕು, ಇಲ್ಲದಿದ್ದರೆ ಜೀವಮಾನವೆಲ್ಲ ಫೇಲಾದವಳು ಅನ್ನಿಸಿಕೊಂಡೇ ಇರಬೇಕು. ಆಯಿ ಹೊರಗೆ ಬಂದು ಪಡಸಾಲೆಯ ನಡುವೆ ನಿಂತಳು.

"ನಮ್ಮ ಹುಡುಗಿ ಪರೀಕ್ಷಾ ಕಟ್ಟಬೇಕು. ಓದಿಸ್ತೀರಿ?"

ಹುಡುಗನ ದೊಡ್ಡಪ್ಪ ಧಾರಾಳವಾಗಿ ಓದಿಸುತ್ತೇವೆ ಎಂದ. ಹುಡುಗನ ತಾಯಿ ಶರಣಮ್ಮ, ಗಂಡ ಸತ್ತವಳು, ಬಾಯಿ ಬಿಡಲಿಲ್ಲ. ಸೆರಗಿನೊಳಗಿಂದ ತಲೆ ಅಲ್ಲಾಡಿಸಿದಳು. ಮದುವೆಯಲ್ಲೂ ಆಕೆಯ ದನಿ ಯಾರಿಗೂ ಕೇಳಲಿಲ್ಲ. ಆಯಿ ಅದನ್ನು ಮರೆಯಲಿಲ್ಲ. ‘ಬಾಯಿಲ್ಲದ ಬೀಗತಿ’ ಎಂದು ಹೆಸರಿಟ್ಟು, ಕೊಟ್ಟ ಮಾತಿಗೆ ದನಿಯೇ ಇಲ್ಲದಿದ್ದರೆ ನಾಳೆ ಯಾರನ್ನು ಹಿಡಿಯುವುದು ಎಂದು ನಿಟ್ಟುಸಿರು ಬಿಟ್ಟಳು.

ಅಕ್ಕ ಹೋದ ಮೇಲೆ ಹೂಂ ಹುದ್ದೆ ನನಗೆ ಬಂತು. ನನ್ನ ಹೂಂ ಕೂಲಿಯ ಹೂಂ ಎಂದು ಆಯಿ ಮೊದಲ ವಾರದಲ್ಲೇ ತೀರ್ಪು ಕೊಟ್ಟಳು. ಅಷ್ಟರಲ್ಲಿ ರಾತ್ರಿ ಹೊತ್ತು ಮಾತು ಪುಕ್ಕಟೆ ಎಂಬ ಯಾವುದೋ ಸ್ಕೀಮು ಬಂದಿತು. ಅಪ್ಪ ಹಿಗ್ಗಿದ. ಆಯಿ ಹಿಗ್ಗಲಿಲ್ಲ.

"ಪುಕ್ಕಟೆ ಕೊಡಾವ ನಮ್ಮ ಕಡಿಂದ ಏನು ತಗೋತಾನ ಅಂತ ನೋಡಬೇಕು."

ಆದರೂ ಆಯಿ ಆ ಪುಕ್ಕಟೆಯನ್ನು ಬಿಡಲಿಲ್ಲ. ದಿನ ಬಿಟ್ಟು ದಿನ ಊಟವಾದ ಮೇಲೆ ದೇವಾಪುರಕ್ಕೆ ಫೋನ್ ಹಚ್ಚುವುದು, ಎಲ್ಲರೂ ಗೂಡಿನ ಮುಂದೆ ಕೂರುವುದು. ಮೊದಲು ನನ್ನ ಪಾಠ. ಅಕ್ಕ ಅಲ್ಲಿಂದ ಮಗ್ಗಿ ಕೇಳುವಳು. ಫೋನಿನಲ್ಲಿ ಕಿವಿ ಹಿಂಡಲು ಬರುವುದಿಲ್ಲ ಎಂಬ ಮಹತ್ವದ ಸಂಗತಿ ನನಗೆ ಬೇಗ ಹೊಳೆಯಿತು. ಆ ಮಳೆಗಾಲದಲ್ಲಿ ನಾನು ಕಲಿತದ್ದು ಅದೊಂದೇ. ಆಮೇಲೆ ಆಯಿಯ ಸರದಿ.

"ಆರಾಮ ಅದೀಯೇನವ್ವ?"

"ಆರಾಮ ಅದೀನಿ ಆಯಿ."

"ಓದಾಕತ್ತೀ?"

"ಓದಾಕತ್ತೀನಿ."

ಆಯಿ ನಮ್ಮ ಕಡೆ ತಿರುಗಿ, ದನಿ ತಗ್ಗಿಸದೆಯೇ ಹೇಳುವಳು: "ಫೋನಿನಾಗ ಎಲ್ಲಾರೂ ಆರಾಮೇ ಇರ್ತಾರ. ಎಲ್ಲಾರೂ ಓದ್ತಾರ." ಹಾಗೆಂದು ಕತೆ ಶುರು ಮಾಡುವಳು. ಕತೆ ಅಕ್ಕನ ಸಂತೋಷಕ್ಕಲ್ಲ, ಆಕೆಯ ಹೂಂ ಪರೀಕ್ಷಿಸಲು. ಮಾತು ಏನನ್ನಾದರೂ ಹೇಳಲಿ, ಹೂಂ ಸುಳ್ಳು ಹೇಳುವುದಿಲ್ಲ ಎಂಬುದು ಆಕೆಯ ಸಿದ್ಧಾಂತ.

ಈಗ ನಾನು ಸುರಪುರದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಕೊರೊನಾ ರೋಗದ ಕಾಲದಲ್ಲಿ ಶಾಲೆ ಮುಚ್ಚಿ ಫೋನಿನಲ್ಲೇ ಪಾಠ ಮಾಡಿ ಎಂದಾಗ, ಮಕ್ಕಳ ಹೆಸರು ಬರೆದ ಕಪ್ಪು ಚೌಕಗಳ ಮುಂದೆ ಕೂತು ‘ಅರ್ಥ ಆಯ್ತಾ?’ ಎಂದು ಕೇಳಿದ್ದೇನೆ. ಕೇಳಿ ಮುಗಿಯುವ ಮೊದಲೇ ಸಾಲುಸಾಲಾಗಿ ಹಳದಿ ಹೆಬ್ಬೆರಳುಗಳು ಏಳುತ್ತಿದ್ದವು. ನಮ್ಮ ಆಯಿಯ ಕಾಲದಲ್ಲಿ ಓದು ಬರದವರು ಹೆಬ್ಬೆರಳು ಒತ್ತುತ್ತಿದ್ದರು. ಈ ವಿಷಯದಲ್ಲಿ ನಾಡು ಎಷ್ಟು ಮುಂದುವರಿದಿದೆ ಎಂದು ಯಾರಾದರೂ ದೊಡ್ಡವರು ಸಮಿತಿ ಮಾಡಿ ನೋಡಬೇಕು. ನಾನಂತೂ ಆ ಹೆಬ್ಬೆರಳುಗಳ ಹಿಂದೆ ಒಂದು ಹೂಂ ಕೇಳಿಸೀತೇ ಎಂದು ಕಿವಿ ಕೊಟ್ಟು ಕೂರುತ್ತಿದ್ದೆ. ಫ್ಯಾನಿನ ಸದ್ದು, ಕುಕ್ಕರಿನ ಸೀಟಿ, ಇಷ್ಟೇ.

ಅಕ್ಕನ ಹೂಂ ಮೊದಲ ಕೆಲವು ಕತೆಗಳಲ್ಲಿ ಸರಿಯಾಗಿಯೇ ಇತ್ತು. ಆಮೇಲೆ ಆಯಿ ಕುಂಬಾರರ ಸೊಸೆಯ ಕತೆ ಎತ್ತಿಕೊಂಡಳು. ಒಬ್ಬ ರಾಜನಿಗೆ ಊರೇ ಸುಡುವಷ್ಟು ಸಿಟ್ಟು. ಕುಂಬಾರರ ಸೊಸೆ ಆ ಸಿಟ್ಟನ್ನು ಗಡಿಗೆಯಲ್ಲಿ ಹಿಡಿದು, ಬಾಯಿ ಕಟ್ಟಿ, ತಲೆಯ ಮೇಲೆ ಹೊತ್ತಳು. ಇಳಿಸಿದರೆ ಒಡೆಯುತ್ತದೆ, ಒಡೆದರೆ ಊರು ಉಳಿಯದು. ಹೀಗಾಗಿ ಹೊತ್ತುಕೊಂಡೇ ಅಡುಗೆ ಮಾಡಿದಳು, ಹೊತ್ತುಕೊಂಡೇ ಮಕ್ಕಳನ್ನು ಹೆತ್ತಳು. ಕತೆ ದೊಡ್ಡದು, ಹಲವು ರಾತ್ರಿಗಳದು. ಎರಡನೆಯ ರಾತ್ರಿಯೇ ಆಯಿ ನಡುವೆ ಮಾತು ನಿಲ್ಲಿಸಿದಳು. ಗೂಡಿನಿಂದ ‘ಹೂಂ’ ಬಂತು. ತಡವಾಗಿ ಬಂತು. ಉದ್ದವಾಗಿ, ಹೊಟ್ಟೆಯೊಳಗಿಂದ ಎದ್ದು, ಎಲ್ಲೋ ತಡೆದು ಬಂತು. ಫೋನು ಇಟ್ಟ ಮೇಲೆ ಆಯಿ ನನ್ನ ಕಡೆ ನೋಡಿದಳು. ಆ ಹುದ್ದೆಯವಳಾಗಿ ನನಗೂ ಗೊತ್ತಾಗಿತ್ತು.

"ಇದು ಗಿರಿಜಾನ ಹೂಂ ಅಲ್ಲ," ಎಂದಳು ಆಯಿ.

"ಟವರಿನಿಂದ ಬರಾಗ ದನಿ ದಪ್ಪ ಆಗ್ತದಬೇ," ಎಂದ ಅಪ್ಪ.

"ದನಿ ದಪ್ಪ ಆಗಲಿ. ಅಳು ಹ್ಯಾಂಗ ಬಂತು? ಅದೂ ಟವರಿನಾಗ ಇಟ್ಟಾರೇನು?"

ಮುಂದಿನ ರಾತ್ರಿಗಳಲ್ಲಿ ಆ ಹೂಂ ಇನ್ನೂ ಭಾರವಾಯಿತು. ಕತೆಯ ಮೊದಲು ಅಕ್ಕ ಎಂದಿನಂತೆ ‘ಆರಾಮ ಅದೀನಿ’ ಅನ್ನುವಳು, ಕತೆ ಶುರುವಾದರೆ ಆ ಇನ್ನೊಂದು ಹೂಂ. ಹುಡುಗಿ ನಾಲ್ಕು ತಿಂಗಳಲ್ಲಿ ನಲವತ್ತು ವರ್ಷದ ದುಃಖ ಕಲಿತಿದ್ದಾಳೆ, ಆ ಬಾಯಿಲ್ಲದ ಬೀಗತಿ ಏನು ಮಾಡುತ್ತಿದ್ದಾಳೋ, ಪುಸ್ತಕವನ್ನಂತೂ ಒಲೆಗೆ ಹಾಕಿರಬೇಕು ಎಂದು ಆಯಿ ಲೆಕ್ಕ ಮುಗಿಸಿದಳು. ಕುಂಬಾರರ ಸೊಸೆ ಕೊನೆಗೆ ಗಡಿಗೆಯ ಬಾಯಿ ಬಿಚ್ಚಲು ಕೈ ಹಾಕಿದ ರಾತ್ರಿ ಗಾಳಿಗೋ ಮಳೆಗೋ ರೇಂಜ್ ಹೋಯಿತು. ಕಡಿಯುವ ಮುನ್ನ ಬಂದದ್ದು ಹೂಂ ಅಲ್ಲ, ಒಂದು ಬಿಕ್ಕು. ಎರಡು ದಿನ ಫೋನು ಹತ್ತಲಿಲ್ಲ. ಮೂರನೆಯ ಬೆಳಿಗ್ಗೆ ಆಯಿ ಗೂಟದಿಂದ ದೊಡ್ಡ ಚೀಲ ತೆಗೆದು ಒದರಿದಳು. ಅಕ್ಕನ ಸೀರೆಗಳನ್ನು ತುಂಬಿಕೊಂಡು, ಅಕ್ಕನನ್ನೂ ಕರೆದುಕೊಂಡು ಬರುವ ಚೀಲ. ಅಕ್ಕನ ಪರೀಕ್ಷೆಗೆ ಆಗ ವಾರವೂ ಉಳಿದಿರಲಿಲ್ಲ. ಕೇಂದ್ರ ಸುರಪುರದಲ್ಲಿತ್ತು. ಜಗಳವಾಡಿ ಕರೆತಂದರೆ ಸಂಬಂಧವೂ ಹೋಗುತ್ತದೆ, ಪರೀಕ್ಷೆಯೂ ಹೋಗುತ್ತದೆ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದವಳು ಅವ್ವ ಒಬ್ಬಳೇ.

"ಹಿಂಗ ಹೇಳದ ಕೇಳದ ಹೋಗೂದು ಛಲೋ ಅಲ್ರಿ ಅತ್ತಿ. ಇನ್ನೊಂದಿನ ನೋಡಿ ಫೋನ್ ಮಾಡಿ ಹೋಗ್ರಿ."

"ಫೋನ್ ಮಾಡಿ ಹೋದ್ರ ಫೋನಿನಾಗಿನ ಮನಿಗೇ ಹೋದ್ಹಂಗ. ನಾ ನೋಡಬೇಕಾದ್ದು ಖರೇ ಮನಿ."

ನನ್ನನ್ನು ಹೂಂ ವಿಷಯದ ಸಾಕ್ಷಿಯಾಗಿ ಕರೆದುಕೊಂಡಳು. ಶಹಾಪುರದಲ್ಲಿ ಒಂದು ಬಸ್ಸು, ಸುರಪುರದಲ್ಲಿ ಇನ್ನೊಂದು. ರಸ್ತೆಯ ಪಕ್ಕ ಕಾಲುವೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಯಿ ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಹದ ಮಾಡುತ್ತಿದ್ದಳು. ಕಂಡಕ್ಟರು ಟಿಕೆಟ್ ಕೇಳಿದಾಗ ಅವುಗಳಲ್ಲಿ ಒಂದು ಆತನಿಗೇ ಬಿತ್ತು.

ದೇವಾಪುರದ ಮನೆಯ ಬಾಗಿಲಲ್ಲಿ ಶರಣಮ್ಮ ನಮ್ಮನ್ನು ಕಂಡು ಗಾಬರಿಯಾಗಿ, ಒಳಗೋಡಿ, ಕಾಲಿಗೆ ನೀರು ತಂದಿಟ್ಟಳು. ಆಯಿ ಒಂದು ಕಾಲು ತೊಳೆದಳು. ಇನ್ನೊಂದು ಕಾಲನ್ನು ಒಣಗಿದ್ದಂತೆಯೇ ಇಟ್ಟುಕೊಂಡು, ಮನೆಯನ್ನು ಅರ್ಧವಷ್ಟೇ ಒಪ್ಪಿಕೊಂಡವಳಂತೆ ನಿಂತು ಕೇಳಿದಳು.

"ನಮ್ಮ ಹುಡುಗಿ ಒಳಗದಾಳೇನ್ರಿ?"

"ಹೂಂ," ಎಂದಳು ಶರಣಮ್ಮ.

ಚೆಂಬು ಆಯಿಯ ಕೈಯಲ್ಲೇ ನಿಂತಿತು. ತಡವಾಗಿ ಬಂದ, ಉದ್ದವಾದ, ಎಲ್ಲೋ ತಡೆದು ಬಂದ ಹೂಂ. ನಾನು ಆಯಿಯ ಮುಖ ನೋಡಿದೆ. ಆಯಿ ಶರಣಮ್ಮನ ಬಾಯಿ ನೋಡುತ್ತಿದ್ದಳು.

"ಇನ್ನೊಮ್ಮಿ ಅನ್ನು."

"ಏನ್ರಿ?"

"ಈಗ ಅಂದ್ಯಲ್ಲ, ಅದನ್ನ."

ಶರಣಮ್ಮನಿಗೆ ಅರ್ಥವಾಯಿತು. ಮುಖ ಸೆರಗಿನೊಳಗೆ ಹೋಯಿತು. ಅಷ್ಟರಲ್ಲಿ ಒಳಕೋಣೆಯಿಂದ ಯಾರೋ ಇಂಗ್ಲಿಷನ್ನು ಮಂತ್ರದಂತೆ ಒಂದೇ ಉಸಿರಿನಲ್ಲಿ ಗಟ್ಟಿ ಮಾಡುತ್ತಿರುವುದು ಕೇಳಿಸಿತು. ದನಿ ನಿಂತು, ಅಕ್ಕ ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಹೊರಗೆ ಬಂದಳು. ನಮ್ಮನ್ನು ಕಂಡು ಮುಖ ಅರಳಿತು. ಚೀಲ ಕಂಡದ್ದೇ ಬಾಡಿತು. ಆಯಿಯ ಚೀಲಗಳ ಭಾಷೆ ಆಕೆಗೆ ಗೊತ್ತಿತ್ತು.

"ಖಾಲಿ ಚೀಲ ಯಾಕ ತಂದೀ ಆಯಿ? ನಾ ಬರಾಂಗಿಲ್ಲ. ಈಗ ಬಂದ್ರ ನನ್ನ ಪರೀಕ್ಷಾ ಹೋಗ್ತದ."

ಆಯಿ ಶರಣಮ್ಮನ ಕಡೆಗೇ ತಿರುಗಿ ಕೇಳಿದಳು: "ಇಷ್ಟು ದಿನ ನನ್ನ ಕತಿ ಕೇಳಿದಾಕಿ ನೀನು?"

"ತಪ್ಪಾತ್ರಿ ಯವ್ವಾ." ಮದುವೆಯಲ್ಲೂ ಕೇಳದ ದನಿ ಈಗ ತಡೆತಡೆದು ಹೊರಬಂತು. "ಊಟ ಆದ ಮ್ಯಾಲ ಆಕಿಗಿ ಓದಾಕ ಒಂದೇ ತಾಸು ಸಿಗೂದ್ರಿ. ಅದೇ ತಾಸಿಗಿ ನಿಮ್ಮ ಕತಿ. ಬ್ಯಾಡ ಅಂದ್ರ ಆಯಿ ಸಿಟ್ಟಾಗ್ತಾಳ ಅಂತ ಅಳಾಕತ್ಲು. ಅದಕ್ಕ ನಾನ ಅಂದೆ, ನೀ ಹೋಗಿ ಓದ್ಕೋ ತಂಗಿ, ಹೂಂ ನಾ ಅಂತೀನಿ ಅಂತ. ಮೊದಲು ಸುಮ್ನ ಅಂದೆ ರೀ. ಆಮ್ಯಾಲ..."

"ಆಮ್ಯಾಲ ಏನು?"

"ಆಮ್ಯಾಲ ಕೇಳಿದೆ."

ಆಯಿ ಕಟ್ಟೆಯ ಮೇಲೆ ಕೂತಳು. ಹದ ಮಾಡಿಟ್ಟ ಮಾತುಗಳೆಲ್ಲ ವ್ಯರ್ಥವಾದ ಸಿಟ್ಟು ಒಂದು ಕಡೆ. ತನ್ನ ಕಿವಿ ತಪ್ಪಿರಲಿಲ್ಲವೆಂಬ ಹೆಮ್ಮೆ ಇನ್ನೊಂದು ಕಡೆ. ಎರಡನ್ನೂ ಒಂದು ಎಲೆಯಡಿಕೆಯ ಜೊತೆ ಅಗಿದು ಮುಗಿಸಿ, ಮೆತ್ತಗೆ ಕೇಳಿದಳು.

"ನಿನ್ನ ಹೂಂದಾಗ ಅಳು ಇತ್ತಲ್ಲ. ಅದು ಯಾರದು?"

ಶರಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಂದೇ ರೀ. ನಮ್ಮ ಮನಿಯವರಿಗೂ ಹಂಥಾ ಸಿಟ್ಟು ಇತ್ತು. ಅವರು ಹೋಗಿ ಭಾಳ ವರ್ಷ ಆತು. ನಿಮ್ಮ ಕತಿ ಕೇಳಿದ ಮ್ಯಾಲ, ಗಡಿಗಿ ಇನ್ನಾ ನನ್ನ ತಲಿ ಮ್ಯಾಲೇ ಅದ ಅನಸ್ತು." ಆಮೇಲೆ ಸೆರಗು ಸರಿಸಿ, ಮೊದಲ ಸಲ ಆಯಿಯ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು: "ಗಡಿಗ್ಯಾಗ ಏನಿತ್ರಿ? ಅವತ್ತು ಕಟ್ ಆತು. ಎರಡು ದಿನ ಆತು, ನಿದ್ದಿ ಇಲ್ಲ."

"ಹಗಲಿ ಹೇಳಬಾರದು," ಎಂದಳು ಆಯಿ. ಎದ್ದು ಇನ್ನೊಂದು ಕಾಲನ್ನೂ ತೊಳೆದು ಒಳಗೆ ಬಂದಳು.

ಕೊನೆಯ ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ಶರಣಮ್ಮ ಬಿಸಿ ರೊಟ್ಟಿಗೆ ಹೆಸರುಬೇಳೆ ಪಲ್ಯ ಮಾಡಿದಳು. ದೀಪ ಹಚ್ಚಿ, ಊಟವಾಗಿ, ಅಕ್ಕ ಪುಸ್ತಕ ಹಿಡಿದು ಒಳಕೋಣೆಗೆ ಹೋದಳು. ಬಾಗಿಲು ಹಾಕಿದವಳು ಆಯಿಯೇ. ಅಕ್ಕನ ಗಂಡ ಅಂಗಡಿಯಿಂದ ಬಂದವನು ಹೆಂಗಸರ ನಡುವೆ ಏನೋ ದೊಡ್ಡ ವ್ಯವಹಾರ ನಡೆದಿದೆ ಎಂದು ತಿಳಿದು, ಸದ್ದಿಲ್ಲದೆ ಉಂಡು ಮಾಳಿಗೆ ಹತ್ತಿದ. ಶರಣಮ್ಮ ಆಯಿಯ ಮೊಣಕಾಲಿನ ಪಕ್ಕ ಕೂತಳು. ನನ್ನ ಹುದ್ದೆ ಹೋಯಿತು ಎಂದು ನನಗೆ ಆಗಲೇ ತಿಳಿಯಿತು. ನಡುವೆ ಗೂಡಿಲ್ಲ, ವಿಭೂತಿ ಡಬ್ಬಿಯಿಲ್ಲ. ಆಯಿ ಬಿಟ್ಟಲ್ಲಿಂದಲೇ ಹಿಡಿದಳು.

"ಆಕಿ ಗಡಿಗಿ ಕೆಳಗ ಇಳಿಸಿದ್ಲು."

"ಹೂಂ."

"ಬಾಯಿಗಿ ಕಟ್ಟಿದ ಅರಿವಿ ಬಿಚ್ಚಿದ್ಲು. ಊರಾಗಿನ ಮಂದಿ ಎಲ್ಲಾ ಓಡಿ ಹೋದ್ರು."

"ಹೂಂ..."

"ಬಗ್ಗಿ ನೋಡಿದ್ಲು. ಒಂದು ಹಿಡಿ ಬೂದಿ ಇತ್ತು."

ಹೂಂ ಬರಲಿಲ್ಲ. ಆಯಿ ಹೂಂ ಇಲ್ಲದೆ ಮುಂದುವರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇಷ್ಟೇ ಏನು ಅಂದ್ಲು. ಅದನ್ನ ತಗೊಂಡು ಹೋಗಿ ಮುಸುರಿ ತಿಕ್ಕಿದ್ಲು. ಬೋಗುಣಿ ಎಲ್ಲಾ ಥಳಥಳ ಹೊಳದ್ವು."

ಶರಣಮ್ಮ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸೆರಗು ಸಾಲಲಿಲ್ಲ. ಆಕೆ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಒಳಗೆ ಇಂಗ್ಲಿಷ್ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಬೆಳಿಗ್ಗೆ ಹೊರಡುವಾಗ ಖಾಲಿ ಚೀಲ ಕಳಿಸಬಾರದೆಂದು ಶರಣಮ್ಮ ಅದರ ತುಂಬ ತಮ್ಮ ಗದ್ದೆಯ ಹೊಸ ಅಕ್ಕಿ ಸುರಿದಳು. ಕಾಲುವೆ ನೀರಿನ ಅಕ್ಕಿ. ಆಯಿ ಒಂದು ಕಾಳು ಬಾಯಿಗೆ ಹಾಕಿ ಕಡಿದು, ಚೀಲದ ಬಾಯಿ ಕಟ್ಟಿದಳು. ಅಂದಿನಿಂದ ದೇವಾಪುರಕ್ಕೆ ಫೋನ್ ಹಚ್ಚಿದರೆ ಆಕೆಯ ಮೊದಲ ಮಾತು, ‘ಗಿರಿಜಾ, ನೀ ಹೋಗಿ ಓದ್ಕೋ. ನಿಮ್ಮತ್ತಿನ್ನ ಕರಿ’ ಎಂಬುದಾಯಿತು.

ಫಲಿತಾಂಶ ಬಂದ ದಿನ ಅಕ್ಕನ ಗಂಡ ಸುರಪುರದ ಇಂಟರ್ನೆಟ್ ಅಂಗಡಿಯಲ್ಲಿ ನೋಡಿಕೊಂಡು ಬಂದಿದ್ದ. ಸಂಜೆ ಗೂಡಿನೊಳಗಿನಿಂದ ಅಕ್ಕನ ಕೂಗು ಇಡೀ ಪಡಸಾಲೆಗೆ ಕೇಳಿಸಿತು.

"ಆಯಿ, ಪಾಸಾದೆ! ಇಂಗ್ಲಿಷ್ ಪಾಸಾದೆ!"

ಅಪ್ಪ ಕೂತಲ್ಲಿಂದ ಜಿಗಿದ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಅಂಗಳಕ್ಕೆ ಓಡಿ ಊರಿಗೆಲ್ಲ ಹೇಳಬೇಕೆಂದಿದ್ದೆ. ಆಯಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದಳು.

"ಫೋನಿನಾಗ ಎಲ್ಲಾರೂ ಪಾಸೇ. ನಿಮ್ಮತ್ತಿಗಿ ಕೊಡು."

ಆ ಕಡೆ ಫೋನು ಕೈ ಬದಲಾದ ಸದ್ದು. ಬಳೆಗಳ ಸದ್ದು. ಆಯಿ ಗೂಡಿಗೆ ಕಿವಿ ಹಚ್ಚಿದಳು.

"ಶರಣವ್ವಾ, ಖರೇನಾ?"

"ಹೂಂ."

ಕೇಳಿ ಮುಗಿಯುವುದಕ್ಕಿಂತ ಒಂದು ಕೂದಲೆಳೆ ಮೊದಲೇ ಬಂತು. ಆಯಿ ಗೂಡಿನಿಂದ ಮುಖ ತೆಗೆದು, ಅವ್ವನ ಕಡೆ ತಿರುಗಿದಳು.

"ಹೋಳಿಗಿಗಿ ಕಡ್ಲಿಬ್ಯಾಳಿ ಒಲಿ ಮ್ಯಾಲ ಇಡು. ಹುಡುಗಿ ಪಾಸಾಗ್ಯಾಳ."